ಗೊಟ್ಹಾರ್ಡ್ ದಾಟಿದ ಶನಿವಾರ

ಗ್ರೂಪ್ ಟೂರಿನ ಬಸ್ಸಿನಲ್ಲಿ ದಿನಾ ಸೀಟು ಬದಲಾಗುತ್ತದೆ. ಎಲ್ಲರಿಗೂ ಒಂದಲ್ಲ ಒಂದು ದಿನ ಮುಂದಿನ ಸೀಟು ಸಿಗಲಿ ಅಂತ ಈ ಪದ್ಧತಿ. ಸ್ವಿಟ್ಜರ್ಲೆಂಡಿನ ಎಂಗೆಲ್‌ಬರ್ಗ್‌ನಿಂದ ಇಟಲಿಯ ಮಿಲಾನ್‌ಗೆ ಹೊರಟ ದಿನ ನನಗೂ ಅಮ್ಮನಿಗೂ ಬಾಗಿಲ ಕಡೆಯ ಮೊದಲ ಸಾಲು ಬಂತು. ಜುಲೈ ತಿಂಗಳ ಶನಿವಾರ. ಬೆಳಗ್ಗೆ ಏಳೂವರೆಗೆ ಬಸ್ಸು ಹೊರಟಿತು. ಮುಂದೆ ದೊಡ್ಡ ಗಾಜು, ಎಡಕ್ಕೆ ಡ್ರೈವರ್.

ಅಮ್ಮ ಬೆಟ್ಟಕ್ಕಿಂತ ಜಾಸ್ತಿ ನೋಡಿದ್ದು ಆ ಡ್ರೈವರನ್ನು. ನಮ್ಮಪ್ಪ ಲಾರಿ ಓಡಿಸುತ್ತಿದ್ದರು. ಸಕಲೇಶಪುರದಿಂದ ಕಾಫಿ ಇಳಿಸೋದು, ಮಂಗಳೂರಿನಿಂದ ಹೆಂಚು ಹೇರಿಕೊಂಡು ಬರೋದು. ಹಾಗಾಗಿ ಯಾವ ಗಾಡಿ ಹತ್ತಿದರೂ ಅಮ್ಮನ ಕಣ್ಣು ಮೊದಲು ಸ್ಟೇರಿಂಗ್ ಕಡೆಗೇ ಹೋಗುತ್ತದೆ. ನಮ್ಮ ಡ್ರೈವರ್ ಐವತ್ತು ದಾಟಿದವರು, ಮಾತು ಕಡಿಮೆ. ಗಾಡಿ ಶುರು ಮಾಡುವ ಮೊದಲು ಜೇಬಿನಿಂದ ಒಂದು ಕಾರ್ಡು ತೆಗೆದು ಮುಂದಿದ್ದ ಪುಟ್ಟ ಯಂತ್ರಕ್ಕೆ ತೂರಿಸಿದರು. "ಅದೇನೇ ಅದು?" ಅಂತ ಅಮ್ಮ ಕೇಳಿದರು. ನನಗೂ ಗೊತ್ತಿರಲಿಲ್ಲ.

ಜೇಲಿಸ್‌ಬರ್ಗ್ ಸುರಂಗವೇ ಒಂಬತ್ತು ಕಿಲೋಮೀಟರಿಗೂ ಉದ್ದ. ಅದನ್ನು ದಾಟಿ ಊರಿ ಅನ್ನೋ ಪ್ರಾಂತ್ಯಕ್ಕೆ ಬಂದೆವು. ರಾಯ್ಸ್ ನದಿ ಒಂದು ಪಕ್ಕ, ಎರಡೂ ಕಡೆ ನೆಟ್ಟಗೆ ಎದ್ದ ಬೆಟ್ಟ, ತುದಿಯಲ್ಲಿ ಇನ್ನೂ ಕರಗದ ಹಿಮ. ಬಸ್ಸಿನಲ್ಲಿ ಎಲ್ಲರ ಫೋನು ಕಿಟಕಿಗೆ ಅಂಟಿತ್ತು. ಎರ್ಸ್ಟ್‌ಫೆಲ್ಡ್ ದಾಟುತ್ತಿದ್ದಂತೆ ಬ್ರೇಕ್ ದೀಪಗಳ ಸಾಲು ಕಾಣಿಸಿತು. ಆಲ್ಪ್ಸ್ ಬೆಟ್ಟದಡಿಯ ಗೊಟ್ಹಾರ್ಡ್ ರಸ್ತೆ ಸುರಂಗಕ್ಕೆ ಕಾಯುವ ಸಾಲು, ಗೊಟ್ಹಾರ್ಡ್ ಜಾಮ್.

ಬೇಸಿಗೆ ರಜೆ ಶುರುವಾದರೆ ಜರ್ಮನಿ, ನೆದರ್‌ಲ್ಯಾಂಡ್ಸ್ ಕಡೆಯ ಜನ ಬಿಸಿಲು, ಸಮುದ್ರ ಹುಡುಕಿಕೊಂಡು ದಕ್ಷಿಣಕ್ಕೆ ಇಳಿಯುತ್ತಾರೆ. ಕಾರಿನ ತಲೆ ಮೇಲೆ ಸೈಕಲ್, ಹಿಂದೆ ಮನೆಯಂಥ ಕ್ಯಾರವಾನ್. ಅವರಲ್ಲಿ ಬಹಳಷ್ಟು ಜನ ಇದೇ ಸುರಂಗಕ್ಕೆ ಬರುತ್ತಾರೆ. ಸುರಂಗದ ಉದ್ದ 16.9 ಕಿಲೋಮೀಟರ್. 1980ರಲ್ಲಿ ತೆರೆದದ್ದು. ಹೋಗೋಕೆ ಒಂದೇ ಸಾಲು, ಬರೋಕೆ ಒಂದೇ ಸಾಲು, ನಡುವೆ ಗೋಡೆ ಇಲ್ಲ. ಬಾಯಲ್ಲಿರುವ ಸಿಗ್ನಲ್ ಅಳೆದು ತೂಗಿ ವಾಹನ ಒಳಗೆ ಬಿಡುತ್ತದೆ.

ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಟೂರ್ ಮ್ಯಾನೇಜರ್ ಮೈಕಿನಲ್ಲಿ ಹೇಳಿದರು. 2001ರ ಅಕ್ಟೋಬರ್ 24ರಂದು ಈ ಸುರಂಗದೊಳಗೆ ಎರಡು ಲಾರಿ ಮುಖಾಮುಖಿ ಗುದ್ದಿ ಬೆಂಕಿ ಹೊತ್ತಿಕೊಂಡಿತು. ಹನ್ನೊಂದು ಜನ ಸತ್ತರು. ಅವತ್ತಿನಿಂದ ಲಾರಿಗಳನ್ನು ಒಂದರ ಹಿಂದೆ ಒಂದು ಅಂತರ ಇಟ್ಟೇ ಒಳಗೆ ಬಿಡುತ್ತಾರೆ. ಈಗ ಪಕ್ಕದಲ್ಲೇ ಎರಡನೇ ಸುರಂಗ ಕೊರೆಯುತ್ತಿದ್ದಾರೆ. ಅದು ಮುಗಿದು, ಹಳೆ ಸುರಂಗದ ದುರಸ್ತಿಯೂ ಆದ ಮೇಲೆ ಎದುರುಬದುರು ಓಡಾಟ ಇರುವುದಿಲ್ಲ.

ಜಾಮ್ ಬೆಳೆಯುವ ಮೊದಲೇ ದಾಟಬೇಕು ಅಂತ ಬೆಳಗಿನ ನಿಲುಗಡೆಯನ್ನು ಬಿಟ್ಟುಬಿಟ್ಟಿದ್ದರು. ಈಗ ನೋಡಿದರೆ ಬಸ್ಸು ಆಮೆಯ ಹಾಗೆ ತೆವಳುತ್ತಿತ್ತು. ದಾವಣಗೆರೆಯವರೊಬ್ಬರು ಮಂಡಕ್ಕಿ ಡಬ್ಬ ತೆಗೆದರು. ಹಿಂದಿನಿಂದ ಕೋಡುಬಳೆ ಬಂತು. ಎತ್ತರದಲ್ಲಿ ವಾಸೆನ್ ಊರಿನ ಬಿಳಿ ಚರ್ಚು ಕಾಣಿಸಿತು. ಅಲ್ಲಿ ರೈಲು ದಾರಿ ಬೆಟ್ಟದೊಳಗೆ ಸುತ್ತು ಹಾಕಿ ಹಾಕಿ ಮೇಲೇರುತ್ತದೆ. ರೈಲಿನಲ್ಲಿ ಹೋಗುವವರಿಗೆ ಅದೇ ಚರ್ಚು ಮೂರು ಬೇರೆ ಬೇರೆ ಎತ್ತರದಲ್ಲಿ ಕಾಣುತ್ತದಂತೆ. ನಾವಂತೂ ಒಂದೇ ಎತ್ತರದಿಂದ ಬಹಳ ಹೊತ್ತು ನೋಡಿದೆವು. ನೀರು ಕುಡಿಯಲು ಯಾರಿಗೂ ಧೈರ್ಯ ಇರಲಿಲ್ಲ. ಟಾಯ್ಲೆಟ್ಟಿನ ಚಿಂತೆ.

ಹತ್ತಿರ ಹತ್ತಿರ ಮೂರು ಗಂಟೆ ಹೀಗೇ ಕಳೆಯಿತು. ಅಷ್ಟು ಹೊತ್ತೂ ಆ ಮನುಷ್ಯ ಕ್ಲಚ್ಚು, ಬ್ರೇಕು, ಕನ್ನಡಿ ನೋಡುತ್ತಲೇ ಇದ್ದರು. ಹಾರ್ನ್ ಒಂದು ಸಲವೂ ಹೊಡೆಯಲಿಲ್ಲ.

ಕೊನೆಗೂ ಗೋಶೆನೆನ್ ಬಂತು, ಸುರಂಗದೊಳಗೆ ಹೋದೆವು. ಪ್ರತಿ 250 ಮೀಟರಿಗೆ ಗೋಡೆಯಲ್ಲಿ ಒಂದು ಬಾಗಿಲು. ಅದರಾಚೆ ಹೊಗೆ ನುಗ್ಗದ ಕೋಣೆ, ಅಲ್ಲಿಂದ ಪಕ್ಕದ ಸುರಕ್ಷತಾ ಸುರಂಗಕ್ಕೆ ದಾರಿ. ಎದುರಿನ ಲಾರಿಗಳ ದೀಪ ಮುಖಕ್ಕೇ ಬಂದು ಪಕ್ಕಕ್ಕೆ ಸರಿಯುತ್ತಿತ್ತು. ಅಮ್ಮ ನನ್ನ ಕೈ ಹಿಡಿದುಕೊಂಡಿದ್ದರು. ಶಿರಾಡಿಯ ರಾತ್ರಿಗಳನ್ನು ಅಪ್ಪ ಹೇಳುತ್ತಿದ್ದದ್ದು ನೆನಪಾಯಿತು. ಮಳೆ, ಎದುರಿಗೆ ಟ್ಯಾಂಕರ್, ಪಕ್ಕದಲ್ಲಿ ಕೆಂಪುಹೊಳೆ.

ಆಚೆ ಕಡೆ ಐರೋಲೋ. ಬಿಸಿಲು ಚುರುಕಾಗಿತ್ತು. ಅಲ್ಲಿಂದ ಲೆವೆಂಟಿನಾ ಕಣಿವೆಯ ಇಳಿಜಾರು ಶುರು. ಸ್ವಲ್ಪ ದೂರದ ಹೆದ್ದಾರಿ ನಿಲ್ದಾಣಕ್ಕೆ ಬಸ್ಸು ತಿರುಗಿತು. ಎಲ್ಲರೂ ಓಡಿದರು. ಇಪ್ಪತ್ತು ನಿಮಿಷಕ್ಕೆ ವಾಪಸ್ ಬಂದರು. ಆಗ ಜಗಳ ಶುರುವಾಯಿತು.

ಬಸ್ಸು ನಲವತ್ತೈದು ನಿಮಿಷ ಕದಲುವುದಿಲ್ಲ ಅಂದರು ಟೂರ್ ಮ್ಯಾನೇಜರ್. ಆಮೇಲೆ ಲುಗಾನೋ ಸರೋವರದ ಹತ್ತಿರ ಇಳಿಯಲು ಸಮಯ ಇರುವುದಿಲ್ಲ. ಮಿಲಾನ್‌ನ ಡುವೊಮೊ ಚರ್ಚಿನ ಟಿಕೆಟ್ಟಿಗೆ ಇಂತಿಷ್ಟೇ ಹೊತ್ತು ಅಂತ ನಿಗದಿಯಾಗಿದೆ. "ದುಡ್ಡು ಕೊಟ್ಟು ಬಂದಿದ್ದೀವಿ ಸರ್, ಕಾರ್ಯಕ್ರಮದಲ್ಲಿ ಲುಗಾನೋ ಅಂತ ಬರೆದಿದೆ" ಅಂದರು ಒಬ್ಬರು. "ಈಗಲೇ ಹೊರಡೋಕೆ ಹೇಳಿ, ರೆಸ್ಟು ಅಲ್ಲೇ ತಗೊಳ್ಳಲಿ" ಅಂದರು ಇನ್ನೊಬ್ಬರು. ಅವರ ಬೇಜಾರು ಸುಳ್ಳಲ್ಲ. ವರ್ಷಗಟ್ಟಲೆ ಕೂಡಿಟ್ಟು ಬಂದವರು. ಮತ್ತೆ ಈ ಕಡೆ ಬರುತ್ತೀವೋ ಇಲ್ಲವೋ ಅನ್ನೋ ಆತಂಕ ನಮ್ಮೆಲ್ಲರಲ್ಲೂ ಇತ್ತು.

ಬೆಳಗ್ಗೆ ಡ್ರೈವರ್ ಕಾರ್ಡು ತೂರಿಸಿದ್ದ ಆ ಯಂತ್ರದ ಗುಟ್ಟು ಆಗ ತಿಳಿಯಿತು. ಅದರ ಹೆಸರು ಟ್ಯಾಕೋಗ್ರಾಫ್. ಗಾಲಿ ಉರುಳಿದ ಹೊತ್ತು, ನಿಂತ ಹೊತ್ತು ಎಲ್ಲ ಡ್ರೈವರ್ ಕಾರ್ಡಿನಲ್ಲಿ ದಾಖಲಾಗುತ್ತದೆ. ನಾಲ್ಕೂವರೆ ಗಂಟೆ ಓಡಿಸಿದರೆ ನಲವತ್ತೈದು ನಿಮಿಷ ಬಿಡುವು ತೆಗೆದುಕೊಳ್ಳಲೇಬೇಕು. ಜಾಮಿನಲ್ಲಿ ತೆವಳಿದ್ದೂ ಓಡಿಸಿದ ಲೆಕ್ಕವೇ. ದಿನಕ್ಕೆ ಒಂಬತ್ತು ಗಂಟೆ ಮಿತಿ, ವಾರಕ್ಕೆ ಎರಡು ದಿನ ಮಾತ್ರ ಹತ್ತರವರೆಗೆ ಹೋಗಬಹುದು. ರಾತ್ರಿ ಸಾಮಾನ್ಯವಾಗಿ ಹನ್ನೊಂದು ಗಂಟೆ ವಿಶ್ರಾಂತಿ. ಹಿಂದಿನ ವಾರಗಳ ಲೆಕ್ಕವನ್ನೂ ಪೊಲೀಸರು ದಾರಿಯಲ್ಲೇ ನಿಲ್ಲಿಸಿ ತೆಗೆದು ನೋಡಬಹುದು.

ಅಮ್ಮ ಇದನ್ನೆಲ್ಲ ಕೇಳಿಸಿಕೊಂಡು ಎದ್ದು ನಿಂತರು. ಬಸ್ಸಿನಲ್ಲಿ ಅಷ್ಟು ಜನರ ಮುಂದೆ ಅವರು ಮಾತಾಡಿದ್ದು ಅದೇ ಮೊದಲು. "ನೋಡಪ್ಪ, ನಮ್ಮನೆಯವರು ಎರಡು ರಾತ್ರಿ ನಿದ್ದೆ ಇಲ್ದೆ ಘಾಟಿ ಹತ್ತಿಳಿದಿದ್ದಾರೆ. ಅವರು ಬರೋವರೆಗೂ ನನಗೆ ಅನ್ನ ಇಳೀತಿರ್ಲಿಲ್ಲ. ನಿದ್ದೆಗಣ್ಣಲ್ಲಿ ಓಡಿಸ್ಬೇಡ ಅಂತ ಸರ್ಕಾರವೇ ಹೇಳ್ತಿರುವಾಗ ನಾವ್ಯಾಕಪ್ಪ ಬೇಡ ಅನ್ಬೇಕು?"

ಕೆಲವರು ಸುಮ್ಮನಾದರು. ಎಲ್ಲರೂ ಒಪ್ಪಿದರು ಅಂತ ಹೇಳಲಾರೆ. "ಅಮ್ಮಾ, ಹಗಲು ಹೊತ್ತಲ್ವಾ, ಅರ್ಧ ಗಂಟೆ ದಾರಿಗೆ ಏನಾಗುತ್ತೆ?" ಅಂತ ಹಿಂದಿನ ಸಾಲಿನವರು ಅಂದೇ ಅಂದರು.

ಏನಾಗುತ್ತೆ ಅಂತ ನಮ್ಮ ಮನೆಗೆ ಗೊತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಮಾರನಹಳ್ಳಿ ಹತ್ತಿರ ಅಪ್ಪನ ಕಣ್ಣು ಮುಚ್ಚಿಹೋಗಿ ಲಾರಿ ಮೋರಿಗೆ ಗುದ್ದಿತ್ತು. ಅದೂ ಹಗಲು ಹೊತ್ತೇ. ಕೈ ಮುರಿದುಕೊಂಡು ಮನೆಗೆ ಬಂದರು. ಮಾಲೀಕರು ರಿಪೇರಿ ದುಡ್ಡನ್ನು ಸಂಬಳದಲ್ಲಿ ಹಿಡಿದುಕೊಂಡರು. ಎಷ್ಟು ಹೊತ್ತಿನಿಂದ ಓಡಿಸುತ್ತಿದ್ದೆ ಅಂತ ಯಾರೂ ಕೇಳಲಿಲ್ಲ. ನಮ್ಮ ದೇಶದಲ್ಲಿ ಕಾನೂನು ಇಲ್ಲ ಅಂತಲ್ಲ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ, ಐದು ಗಂಟೆ ದುಡಿಯುವಷ್ಟರಲ್ಲಿ ಅರ್ಧ ಗಂಟೆ ಬಿಡುವು ಅಂತ ಬರೆದಿತ್ತು. ಐರೋಲೋ ಹತ್ತಿರ ನಾನು ನೋಡಿದ್ದು ಬರೆದದ್ದನ್ನು ಲೆಕ್ಕ ಇಡುವ ಯಂತ್ರ, ಆ ಲೆಕ್ಕಕ್ಕೆ ತಲೆಬಾಗುವ ಜನ. ಅಪ್ಪನಿಗೆ ಇದು ಸಿಗಬೇಕಿತ್ತು. ಈಗಲೂ ಶಿರಾಡಿ, ಚಾರ್ಮಾಡಿಯಲ್ಲಿ ರಾತ್ರಿ ಗಾಡಿ ಓಡಿಸುವ ಪ್ರತಿಯೊಬ್ಬರಿಗೂ ಸಿಗಬೇಕು.

ಐರೋಲೋ ರೈಲು ನಿಲ್ದಾಣದ ಬಳಿ ಒಂದು ಸ್ಮಾರಕ ಇದೆ. 1872ರಿಂದ 1882ರವರೆಗೆ ಗೊಟ್ಹಾರ್ಡ್ ರೈಲು ಸುರಂಗ ಕೊರೆಯುವಾಗ ಸುಮಾರು 200 ಕೆಲಸಗಾರರು ಸತ್ತರು. ಹೆಚ್ಚಿನವರು ಇಟಲಿಯ ಬಡವರು. ಗುತ್ತಿಗೆ ಹಿಡಿದಿದ್ದ ಲೂಯಿ ಫಾವ್ರ್ ಕೂಡ 1879ರಲ್ಲಿ ಸುರಂಗದೊಳಗೇ ಕುಸಿದು ಸತ್ತರು. ಆ ಸ್ಮಾರಕ ನೋಡುವ ಆಸೆ ನನಗಿತ್ತು. ಬಸ್ಸು ಹೆದ್ದಾರಿ ಬಿಟ್ಟು ಹೋಗಲಿಲ್ಲ. ಯಾವ ಟೂರಿನವರಾದರೂ ಅಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ ಒಳ್ಳೆಯದು.

ಡ್ರೈವರ್ ಮರದ ನೆರಳಲ್ಲಿ ಕೂತು ಬ್ರೆಡ್ಡು ತಿಂದರು, ಬೆನ್ನು ಚಾಚಿದರು. ಅಮ್ಮ ನಾಲ್ಕು ಕೋಡುಬಳೆ ಕೊಟ್ಟು ಬಂದರು. ಸಮಯ ಮುಗಿದ ಮೇಲೆ ಹೊರಟೆವು. ಬೆಲ್ಲಿಂಝೋನಾದ ಕೋಟೆಗಳು, ಲುಗಾನೋ ಸರೋವರದ ನೀಲಿ ನೀರು ಎಲ್ಲ ಕಿಟಕಿಯಿಂದಲೇ ಆಯಿತು. ಕಿಯಾಸೋ ಗಡಿಯಲ್ಲಿ ಮತ್ತೆ ಸ್ವಲ್ಪ ಜಾಮ್. ಡುವೊಮೊ ಒಳಗೆ ಹೊತ್ತಿಗೆ ಸರಿಯಾಗಿ ಹೋದೆವು.

ಆ ರಾತ್ರಿ ಹಿಂದಿನ ಸಾಲಿನವರು ಲುಗಾನೋ ತಪ್ಪಿತು ಅಂತ ಕಂಪನಿಗೆ ದೂರು ಬರೆದರು. ನಾನೂ ಬರೆದೆ. ಬೇಸಿಗೆಯ ಶನಿವಾರ ಗೊಟ್ಹಾರ್ಡ್ ದಾಟುವ ದಿನ ಲುಗಾನೋ, ಮಿಲಾನ್ ಎರಡನ್ನೂ ಇಡಬೇಡಿ, ಡ್ರೈವರ್ ಬಿಡುವನ್ನು ಮೊದಲು ಹಾಕಿ ಆಮೇಲೆ ಊರುಗಳನ್ನು ಸೇರಿಸಿ, ಆ ನಲವತ್ತೈದು ನಿಮಿಷವನ್ನು ಕಾರ್ಯಕ್ರಮದ ಹಾಳೆಯಲ್ಲೇ ಅಚ್ಚು ಹಾಕಿಸಿ ಅಂತ ಕೇಳಿದ್ದೇನೆ. ಅಮ್ಮನೂ ಕೆಳಗೆ ಸಹಿ ಹಾಕಿದ್ದಾರೆ.