ಹೈದರಾಬಾದ್ ಸಂಖ್ಯೆ 12ಎ

ನಮ್ಮ ಮನೆಯ ಅಟ್ಟದ ಮೇಲಿರುವ ತಗಡಿನ ಪೆಟ್ಟಿಗೆಯಲ್ಲಿ ಮುತ್ತಜ್ಜನ ಕಾಲದ ಕಂದಾಯ ಪಾವತಿಗಳಿವೆ. ಉರ್ದುವಿನಲ್ಲಿ ಬರೆದು ಮೊಹರು ಒತ್ತಿದ ಆ ಕಾಗದಗಳು ಮಡಿಕೆ ಬಿದ್ದ ಕಡೆಯಲ್ಲೆಲ್ಲ ಹರಿದಿವೆ. ಅವುಗಳಲ್ಲೊಂದು ನಿಜಾಮರ ಕಾಲದ ಕಂದಾಯ ವರ್ಷವಾದ ಫಸಲಿ 1327ರದು, ಅಂದರೆ ನಾವು ಈಗ ಎಣಿಸುವ 1917–18ನೆಯ ವರ್ಷದ್ದು. ಭಾಲ್ಕಿ ತಾಲ್ಲೂಕಿನ ನಮ್ಮ ಎರೆಹೊಲದ ಜೋಳ ಮಾರಿ, ಹೈದರಾಬಾದ್ ಸಂಸ್ಥಾನದ ನಾಣ್ಯವಾದ ಹಾಲಿ ಸಿಕ್ಕಾ ರೂಪಾಯಿಗಳಲ್ಲಿ ಕಟ್ಟಿದ ಲಗಾನಿನ ಪಾವತಿ ಅದು. ಚಿಕ್ಕಂದಿನಿಂದ ನೋಡುತ್ತ ಬಂದ ಆ ಕಾಗದಕ್ಕೂ ಒಂದು ಬಾಂಬರ್ ವಿಮಾನಕ್ಕೂ ನಂಟಿದೆ ಎಂಬುದು ನನಗೆ ಹೊಳೆದದ್ದು, ಮಗಳ ಮನೆಗೆಂದು ಲಂಡನ್ನಿಗೆ ಹೋದಾಗ, ಹೆಂಡನ್ನಿನಲ್ಲಿರುವ ಬ್ರಿಟಿಷ್ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿ.

ಅಲ್ಲಿ ಎಫ್1010 ಎಂಬ ಸಂಖ್ಯೆಯ ಹಳೆಯ ವಿಮಾನವೊಂದಿದೆ. ಕಟ್ಟಿಗೆಯ ಚೌಕಟ್ಟು, ಅದರ ಮೇಲೆ ಬಿಗಿದ ಬಟ್ಟೆ, ಎರಡು ಅಂತಸ್ತಿನ ರೆಕ್ಕೆಗಳ ನಡುವೆ ಎಳೆದು ಕಟ್ಟಿದ ತಂತಿಗಳು. ಅದರ ಮಗ್ಗುಲಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ಹೈದರಾಬಾದಿನ ನಿಜಾಮರ ಕಾಣಿಕೆ, ಹೈದರಾಬಾದ್ ಸಂಖ್ಯೆ 12ಎ. ಬೀದರಿನಿಂದ ಅಷ್ಟು ದೂರ ಹೋಗಿ ನಮ್ಮ ಹಳೆಯ ಸಂಸ್ಥಾನದ ಹೆಸರನ್ನು ಯುದ್ಧವಿಮಾನವೊಂದರ ಮೈಮೇಲೆ ಓದಿದಾಗ ನನ್ನ ಮೈ ಜುಮ್ಮೆಂದಿತು.

ಅದು ಡಿಎಚ್9ಎ ಮಾದರಿಯ ಬಾಂಬರ್. ಮೊದಲ ಮಹಾಯುದ್ಧದ ಕೊನೆಯ ವರ್ಷದಲ್ಲಿ ಬ್ರಿಟಿಷ್ ವಾಯುಪಡೆಯ 110ನೆಯ ಸ್ಕ್ವಾಡ್ರನ್ ಎಂಬ ವಿಮಾನದಳಕ್ಕೆ ಇಂಥ ವಿಮಾನಗಳನ್ನು ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕಾಣಿಕೆಯಾಗಿ ಕೊಟ್ಟಿದ್ದರು. ಆ ಕಾರಣಕ್ಕೆ ಸ್ಕ್ವಾಡ್ರನ್ನಿನ ಹೆಸರಿನಲ್ಲಿ ‘ಹೈದರಾಬಾದ್’ ಸೇರಿಕೊಂಡಿತು. ಅಂದು ಕಲಬುರಗಿ, ಬೀದರ್, ಯಾದಗಿರಿ ಸೀಮೆಗಳೆಲ್ಲ ನಿಜಾಮರ ಆಳ್ವಿಕೆಯಲ್ಲಿದ್ದವು. ಖಜಾನೆಯ ಹಣವೆನ್ನಿ, ನಿಜಾಮರ ಖಾಸಗಿ ಜಮೀನಾದ ಸರ್ಫ್-ಎ-ಖಾಸ್‌ನ ಉತ್ಪನ್ನವೆನ್ನಿ, ಎರಡೂ ತುಂಬುತ್ತಿದ್ದುದು ಒಕ್ಕಲಿಗನ ಹೊಲದಿಂದಲೇ. ಕೊಡಬೇಕೇ ಬೇಡವೇ ಎಂದು ನನ್ನ ಮುತ್ತಜ್ಜನನ್ನು ಯಾರೂ ಕೇಳಲಿಲ್ಲ ಎಂಬ ನೋವು ನನಗಿದೆ. ಆದರೆ ಆ ನೋವನ್ನು ಆ ವಿಮಾನಗಳಲ್ಲಿ ಕುಳಿತು ಹೋದ ಹುಡುಗರ ಮೇಲೆ ಹೊರಿಸಲು ಮನಸ್ಸು ಒಪ್ಪುವುದಿಲ್ಲ.

ವಿಮಾನದಲ್ಲಿ ಇಬ್ಬರಿಗಷ್ಟೇ ಜಾಗ. ಮುಂದೆ ಪೈಲಟ್, ಅವನ ಬೆನ್ನ ಹಿಂದೆ ಅಬ್ಸರ್ವರ್. ದಾರಿ ನೋಡುವುದು, ಹಿಂದಿನಿಂದ ಬರುವ ಶತ್ರುವಿನ ಮೇಲೆ ಗುಂಡು ಹಾರಿಸುವುದು ಅಬ್ಸರ್ವರನ ಹೊಣೆ. ಅವನ ಜಾಗದ ಸುತ್ತ ಬಂಡಿಯ ಗಾಲಿಯ ಹಳಿಯಂಥ ಲೋಹದ ಬಳೆಯೊಂದಿದೆ. ಮಷೀನ್ ಗನ್ನನ್ನು ಅದರ ಮೇಲೆ ಕೂರಿಸಿ ಬೇಕಾದ ದಿಕ್ಕಿಗೆ ತಿರುಗಿಸುತ್ತಿದ್ದರು. ಇದಕ್ಕಿಂತ ಮುಂಚಿನ ಡಿಎಚ್4ರಲ್ಲಿ ಇಬ್ಬರ ನಡುವೆ ಪೆಟ್ರೋಲ್ ಟ್ಯಾಂಕ್ ಇದ್ದುದರಿಂದ, ಎಂಜಿನ್ನಿನ ಅಬ್ಬರದಲ್ಲಿ ಒಬ್ಬನ ಮಾತು ಇನ್ನೊಬ್ಬನಿಗೆ ತಲುಪುತ್ತಿರಲಿಲ್ಲ. ಆ ಕೊರತೆ ನೀಗಿಸಲೆಂದು ಮುಂದಿನ ಮಾದರಿಗಳಲ್ಲಿ ಇಬ್ಬರನ್ನೂ ಹತ್ತಿರ ತಂದು, ಕೈ ಚಾಚಿದರೆ ಭುಜ ಸಿಗುವಷ್ಟು ಸಮೀಪದಲ್ಲಿ ಕೂರಿಸಿದರು. ಆ ಎರಡು ಗುಂಡಿಗಳ ನಡುವಿನ ಗೇಣುದ್ದದ ಅಂತರವನ್ನು ನಾನು ಬಹಳ ಹೊತ್ತು ನೋಡುತ್ತ ನಿಂತಿದ್ದೆ. ಮೇಲೆ ಮುಚ್ಚಿಗೆಯಿಲ್ಲ, ಕೊರೆಯುವ ಚಳಿ, ಕೆಳಗೆ ಶತ್ರುವಿನ ನೆಲ. ಅಂಥ ಕಡೆ ಒಬ್ಬನಿಗೆ ಇನ್ನೊಬ್ಬನ ಕೈಯೊಂದೇ ಆಸರೆ.

ಸ್ಕ್ವಾಡ್ರನ್ 1918ರ ಸೆಪ್ಟೆಂಬರ್ 1ರಂದು ಫ್ರಾನ್ಸಿನ ಬೆಟ್ಟಾಂಕೂರಿಗೆ ಬಂದಿಳಿಯಿತು. ಜರ್ಮನಿಯ ಒಳನಾಡಿನ ಊರುಗಳ ಮೇಲೆ ಹಗಲು ಹೊತ್ತಿನಲ್ಲೇ ದಾಳಿ ಮಾಡುವುದು ಅದಕ್ಕೆ ಒಪ್ಪಿಸಿದ ಕೆಲಸ. ಸೆಪ್ಟೆಂಬರ್ 16ರಂದು ಮಾನ್‌ಹೈಮ್ ದಾಳಿಯಿಂದ ಎರಡು ವಿಮಾನಗಳು ಮರಳಲಿಲ್ಲ. 25ರಂದು ಫ್ರಾಂಕ್‌ಫರ್ಟ್ ದಾಳಿಯಲ್ಲಿ ನಾಲ್ಕು ಹೋದವು. ಅಕ್ಟೋಬರ್ 5ರಂದು ಇನ್ನೂ ನಾಲ್ಕು. ಅಕ್ಟೋಬರ್ 21ರಂದು ಒಂದೇ ದಿನ ಏಳು. ಹೀಗೆ ಐದಾರು ವಾರಗಳ ಒಳಗೆ 17 ವಿಮಾನಗಳು, ಅಂದರೆ 34 ಮಂದಿ. ಕೆಲವರು ಸೆರೆ ಸಿಕ್ಕು ಬದುಕಿದರು, ಉಳಿದವರು ಅಲ್ಲೇ ಮಣ್ಣಾದರು. ಮೂರು ವಾರ ಕಳೆಯುವಷ್ಟರಲ್ಲಿ, ನವೆಂಬರ್ 11ರಂದು, ಯುದ್ಧವೇ ನಿಂತುಹೋಯಿತು. ಆ 21ನೆಯ ತಾರೀಖನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುವುದು ಇದಕ್ಕಾಗಿ.

ಅದೇ ವಾರಗಳಲ್ಲಿ ನಮ್ಮ ಕಡೆ ಮಳೆ ಕೈಕೊಟ್ಟಿತ್ತು, ಇನ್‌ಫ್ಲುಯೆಂಜಾ ಊರೂರು ಹೊಕ್ಕಿತ್ತು. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದ ಆ ಜ್ವರದ ವರ್ಷದಲ್ಲೇ ನಮ್ಮ ಮನೆಯಿಂದ ಎರಡು ಹೆಣ ಹೊರಬಿದ್ದವೆಂದು ಅಜ್ಜಿ ಹೇಳುತ್ತಿದ್ದಳು. ಇಲ್ಲಿ ಹೆಣ ಹೊತ್ತವರಿಗೆ ಅಲ್ಲಿ ತಮ್ಮ ಸಂಸ್ಥಾನದ ಹೆಸರು ಹೊತ್ತ ವಿಮಾನಗಳು ಉರುಳುತ್ತಿದ್ದ ಸುದ್ದಿ ಎಲ್ಲಿಂದ ಗೊತ್ತಾಗಬೇಕು? ಬಾಂಬು ಬಿದ್ದ ಊರುಗಳಲ್ಲಿಯೂ ಮನೆಗಳಿದ್ದವು, ಮಕ್ಕಳಿದ್ದರು ಎಂಬುದನ್ನು ನಾನು ಮರೆತಿಲ್ಲ.

ನಾನು ಕಣ್ಣಾರೆ ಕಂಡ ಎಫ್1010 ಅಕ್ಟೋಬರ್ 5ರ ನಾಲ್ಕರಲ್ಲಿ ಒಂದು. ಅದರ ಪೈಲಟ್ ಕ್ಯಾಪ್ಟನ್ ಇಂಗ್ಲಿಸ್, ಅಬ್ಸರ್ವರ್ ಸೆಕೆಂಡ್ ಲೆಫ್ಟಿನೆಂಟ್ ಬಾಡ್ಲಿ. ಇಬ್ಬರೂ ಜೀವಸಹಿತ ಸೆರೆ ಸಿಕ್ಕರು. ವಿಮಾನವನ್ನು ಜರ್ಮನರು ಬರ್ಲಿನ್ನಿನ ಸಂಗ್ರಹಾಲಯದಲ್ಲಿಟ್ಟರು. ಎರಡನೆಯ ಯುದ್ಧದಲ್ಲಿ ಅದು ಪೋಲೆಂಡಿಗೆ ಹೋಯಿತು. 1977ರಲ್ಲಿ ಬ್ರಿಟಿಷರು ಒಂದು ಸ್ಪಿಟ್‌ಫೈರ್ ಯುದ್ಧವಿಮಾನ ಕೊಟ್ಟು, ಕ್ರಾಕೋವಿನಿಂದ ಅದನ್ನು ಬಿಡಿಸಿಕೊಂಡು ಬಂದರು.

ಆ ಸ್ಕ್ವಾಡ್ರನ್ನಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. 1939ರ ಸೆಪ್ಟೆಂಬರ್ 4ರಂದು, ಬ್ರಿಟನ್ ಯುದ್ಧ ಸಾರಿದ ಮರುದಿನವೇ, ಇಂಗ್ಲೆಂಡಿನ ವಾಟಿಶಮ್‌ನಿಂದ 110ರ ಐದು ಬ್ಲೆನ್‌ಹೈಮ್ ಬಾಂಬರ್‌ಗಳು ಕೆನೆತ್ ಡೋರನ್ ಮುಂದಾಳತ್ವದಲ್ಲಿ ಹೊರಟವು. ವಿಲ್ಹೆಲ್ಮ್ಸ್‌ಹಾವೆನ್ ಬಳಿಯ ಜರ್ಮನ್ ಹಡಗುಗಳ ಮೇಲೆ ಆದ ಆ ದಾಳಿಯೇ ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಮೊದಲ ಬಾಂಬ್ ದಾಳಿ. ಆಡ್ಮಿರಲ್ ಶೇರ್ ಹಡಗಿಗೆ ಬಾಂಬುಗಳು ತಗುಲಿದರೂ ಸಿಡಿಯಲಿಲ್ಲ. 110ರ ಒಂದು ವಿಮಾನ ಬಿತ್ತು. ಜೊತೆಗೆ ಹೋದ 107ನೆಯ ಸ್ಕ್ವಾಡ್ರನ್ ತನ್ನ ಐದರಲ್ಲಿ ನಾಲ್ಕನ್ನು ಕಳೆದುಕೊಂಡಿತು. ಅಂದು ಸತ್ತವರಲ್ಲಿ ಎಮ್ಡನ್ ಎಂಬ ಹೆಸರಿನ ಪೈಲಟ್ ಒಬ್ಬನಿದ್ದ; ಅವನ ವಿಮಾನ ಬಿದ್ದದ್ದು ಎಮ್ಡನ್ ಎಂಬ ಹೆಸರಿನದೇ ಹಡಗಿನ ಮೇಲೆ. ವಿಧಿಯ ಆಟವೆಂದು ಇದನ್ನು ಎಲ್ಲರೂ ಬರೆಯುತ್ತಾರೆ. ಅವನ ಹಿಂದೆ ಕುಳಿತು ಸತ್ತವರ ಹೆಸರನ್ನು ಎತ್ತುವವರು ಕಡಿಮೆ. ಸಮುದ್ರದ ಪಾಲಾಗಿ ಗೋರಿಯೂ ಸಿಗದ ಇಂಥ ವಾಯುಯೋಧರಿಗಾಗಿ ವಿಂಡ್ಸರ್ ಹತ್ತಿರದ ರನ್ನಿಮೀಡ್‌ನಲ್ಲಿ ಸ್ಮಾರಕವಿದೆ; ಅದರ ಕಲ್ಲಿನಲ್ಲಿ 20,000ಕ್ಕೂ ಹೆಚ್ಚು ಹೆಸರುಗಳನ್ನು ಕೆತ್ತಿದ್ದಾರೆ.

ಬೀದರಿನವರಾದ ನಮಗೆ ವಿಮಾನ ಹೊಸದಲ್ಲ. ವಾಯುಪಡೆಯ ಹುಡುಗರು ನಮ್ಮೂರ ನೆತ್ತಿಯ ಮೇಲೆಯೇ ಹಾಕ್ ವಿಮಾನಗಳಲ್ಲಿ ಹಾರಾಟ ಕಲಿಯುತ್ತಾರೆ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೂ ಇಲ್ಲಿಯೇ. ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುವ ಹೆಂಗಸರು ಸದ್ದಿನ ಮೇಲೆಯೇ ವಿಮಾನ ಏರುತ್ತಿದೆಯೋ ಇಳಿಯುತ್ತಿದೆಯೋ ಹೇಳಬಲ್ಲರು. ಹೀಗಿರುವ ಊರಿನಲ್ಲಿ ‘ಹೈದರಾಬಾದ್’ ಸ್ಕ್ವಾಡ್ರನ್ನಿನ ಹೆಸರು ಯಾರ ಬಾಯಲ್ಲೂ ಇಲ್ಲವಲ್ಲ ಎಂಬುದು ನನ್ನ ಕೊರಗು. ನಿಜಾಮರ ಕಾಲದ ನೆನಪೆಂದರೆ ನಮಗೆ ರಜಾಕಾರರ ಹಾವಳಿ, ಸಂಸ್ಥಾನ ಭಾರತಕ್ಕೆ ಸೇರಿದ 1948ರ ಸೆಪ್ಟೆಂಬರ್. ಅದು ಸಹಜವೇ, ಗಾಯ ಅಷ್ಟು ಆಳದ್ದು. ಆದರೂ ನಮ್ಮ ಹೊಲದ ದುಡ್ಡು ಸೇರಿದ ವಿಮಾನದಲ್ಲಿ ಸತ್ತವರು ನಮಗೆ ತೀರ ಹೊರಗಿನವರಲ್ಲ ಎಂದೇ ನಾನು ತಿಳಿದಿದ್ದೇನೆ.

ಊರಿಗೆ ಮರಳಿದ ಮೇಲೆ ಫೋನಿನಲ್ಲಿದ್ದ ಚಿತ್ರವನ್ನು ತಾಯಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ಬೆರಳಿನಿಂದ ಚಿತ್ರ ದೊಡ್ಡದು ಮಾಡಿಸಿ ನೋಡಿದಳು. ನಿಜಾಮರ ಮಾತು, ಲಗಾನಿನ ಮಾತು ಯಾವುದನ್ನೂ ಅವಳು ಹಿಡಿಯಲಿಲ್ಲ.

“ಇದರಾಗ ಕುಂತವರು ಮನಿಗಿ ಬಂದ್ರೇನು?” ಎಂದು ಕೇಳಿದಳು.

ಈ ವಿಮಾನದವರು ಇಬ್ಬರೂ ಬದುಕಿದರು ಎಂದೆ. ಬೆರಳು ಪೈಲಟ್ಟಿನ ಜಾಗದಿಂದ ಹಿಂದಿನ ಜಾಗಕ್ಕೆ ಸರಿಯಿತು. “ಉಳಿದವರು?” ಎಂದಳು. ನಾನು ಮಾನ್‌ಹೈಮಿನಿಂದ ಮೊದಲುಮಾಡಿ ಒಂದೊಂದೇ ತಾರೀಖು ಹೇಳತೊಡಗಿದೆ. ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡು ಕೊನೆಯವರೆಗೂ ಕೇಳಿದಳು.