ಮಗಳಿಗೆ ಕ್ರಶ್ ಆಗಿದೆ, ಫೋನ್ ಕಿತ್ಕೊಳ್ಳಲಾ?

ಹೈಸ್ಕೂಲ್ ಮಕ್ಕಳಿಗೆ ಪಾಠ ಹೇಳುವ ನನ್ನನ್ನು ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆ ಇದು. ಮಗಳ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಯಾವುದೋ ಹೆಸರು ಕಂಡಿರುತ್ತದೆ, ಇಲ್ಲವೇ ಮಗ ಕನ್ನಡಿ ಮುಂದೆ ಜಾಸ್ತಿ ಹೊತ್ತು ನಿಲ್ಲಲು ಶುರು ಮಾಡಿರುತ್ತಾನೆ. ಗಾಬರಿಯಿಂದ ಓಡಿ ಬರುತ್ತಾರೆ.

ನಾನು ಹೇಳುವುದು ಒಂದೇ, ಇವತ್ತು ಏನೂ ಮಾಡಬೇಡಿ. ಒಂದು ರಾತ್ರಿ ಕಳೆಯಲಿ.

ನೀವು ಬೆಳೆಸಿದ್ದರಲ್ಲಿ ಏನೂ ತಪ್ಪಾಗಿಲ್ಲ. ಹುಡುಗಿಯರಲ್ಲಿ ಸಾಮಾನ್ಯವಾಗಿ 8ರಿಂದ 13, ಹುಡುಗರಲ್ಲಿ 9ರಿಂದ 14 ವರ್ಷದೊಳಗೆ ಮೈ ಬದಲಾಗಲು ಶುರುವಾಗುತ್ತದೆ, ಮನಸ್ಸೂ ಅದರ ಹಿಂದೆಯೇ ಓಡುತ್ತದೆ. ಮಿದುಳಿನಲ್ಲಿ ಆಸೆ, ಖುಷಿ, ಭಯ ಹುಟ್ಟಿಸುವ ಭಾಗ ಬೇಗ ಚುರುಕಾಗುತ್ತದೆ, ಆದರೆ "ತಡಿ, ಮುಂದೇನಾಗುತ್ತೆ ನೋಡು" ಎನ್ನುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯಲು ಹೆಚ್ಚೂಕಡಿಮೆ 25 ವರ್ಷ ಬೇಕು. ಅಲ್ಲಿಯವರೆಗೆ ಆ ಮಾತನ್ನು ಹೊರಗಿನಿಂದ ಯಾರಾದರೂ ಹೇಳಬೇಕಲ್ವಾ? ಅದು ನೀವೇ. ಹಾಗಾಗಬೇಕಾದರೆ ಮಗು ನಿಮ್ಮ ಹತ್ತಿರ ಬರುತ್ತಿರಬೇಕು.

ಇಲ್ಲೇ ಬಹಳ ಮಂದಿ ಎಡವುವುದು. ನನ್ನ ಒಬ್ಬ ವಿದ್ಯಾರ್ಥಿನಿಯ ಡೈರಿಯನ್ನು ಮನೆಯಲ್ಲಿ ನೆಂಟರ ಮುಂದೆ ಗಟ್ಟಿಯಾಗಿ ಓದಿ ನಕ್ಕಿದ್ದರು. ಅವರಿಗೆ ಅದು ತಮಾಷೆ. ಒಂದು ವರ್ಷ ಕಳೆದ ಮೇಲೆ ಗುರುತಿಲ್ಲದ ದೊಡ್ಡ ಗಂಡಸೊಬ್ಬ ಆನ್‌ಲೈನ್‌ನಲ್ಲಿ ಅವಳ ಫೋಟೋ ಕೇಳಿ ಕಾಡತೊಡಗಿದಾಗ ಅವಳು ಅಮ್ಮನಿಗೆ ಹೇಳಲಿಲ್ಲ, ಎಷ್ಟೋ ದಿನ ಒಬ್ಬಳೇ ನುಂಗಿಕೊಂಡು ಕೊನೆಗೆ ನನ್ನ ಹತ್ತಿರ ಬಂದು ಅತ್ತಳು. ಯಾಕೆ ಮನೆಯಲ್ಲಿ ಹೇಳಲಿಲ್ಲ ಅಂತ ಕೇಳಿದೆ. "ನಗ್ತಾರೆ ಮಿಸ್" ಅಂದಳು. ಆ ಮಾತು ನನಗೆ ಇನ್ನೂ ಮರೆತಿಲ್ಲ.

2003ರಲ್ಲಿ ಅಮೆರಿಕದ ಮನೋವಿಜ್ಞಾನಿ ನವೋಮಿ ಐಸೆನ್‌ಬರ್ಗರ್ ಮತ್ತು ಜೊತೆಗಾರರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಚೆಂಡೆಸೆಯುವ ಆಟ, ಸ್ವಲ್ಪ ಹೊತ್ತಾದ ಮೇಲೆ ಉಳಿದವರು ನಿಮಗೆ ಚೆಂಡು ಕೊಡುವುದನ್ನೇ ಬಿಡುತ್ತಾರೆ. ಅಷ್ಟಕ್ಕೇ, ಮೈಗೆ ನೋವಾದಾಗ ಚುರುಕಾಗುವ ಮಿದುಳಿನ ಒಂದು ಭಾಗ ಆಗಲೂ ಚುರುಕಾಗಿತ್ತು. ಆಟದಲ್ಲೇ ಹೀಗಾದರೆ, ಇಷ್ಟಪಟ್ಟವರು ಮುಖ ತಿರುಗಿಸಿ ಹೋದ ದಿನ ಆ ಮಗುವಿಗೆ ಹೇಗಾಗಿರಬೇಡ! ಅವತ್ತು "ಇದೆಲ್ಲಾ ಒಂದು ಲೆಕ್ಕನಾ" ಅನ್ನಬೇಡಿ. ಪಕ್ಕದಲ್ಲಿ ಸುಮ್ನೆ ಕೂತುಕೊಳ್ಳಿ, ಸಾಕು.

ಹಾಗಂತ ಎಲ್ಲದಕ್ಕೂ ಹೂಂ ಅನ್ನಿ ಅಂತಲ್ಲ. ಇಷ್ಟವಾಗುವುದು ಮಗುವಿನ ಕೈಯಲ್ಲಿಲ್ಲ, ಹೇಗೆ ನಡೆದುಕೊಳ್ಳುತ್ತದೆ ಎನ್ನುವುದಕ್ಕೆ ಮಾತ್ರ ಕಟ್ಟುನಿಟ್ಟು ಬೇಕು. ಖಾಸಗಿ ಫೋಟೋ ಯಾರಿಗೂ ಕಳಿಸಬಾರದು. ಎದುರಿನವರು ಬೇಡ ಅಂದರೆ ಅಲ್ಲಿಗೆ ಮುಗಿಯಿತು, ಹಿಂದೆ ಬೀಳಬಾರದು. ಇದನ್ನು ಗಂಡುಮಕ್ಕಳಿಗೆ ಬಿಡಿಸಿ ಹೇಳುವ ಅಪ್ಪಂದಿರು ಕಡಿಮೆ, ದಯವಿಟ್ಟು ಹೇಳಿ. ಇನ್ನು ಆ ಕಡೆಯವರು ವಯಸ್ಸಿನಲ್ಲಿ ತುಂಬ ದೊಡ್ಡವರಾಗಿದ್ದರೆ, "ಮನೆಯಲ್ಲಿ ಹೇಳಬೇಡ" ಅನ್ನುತ್ತಿದ್ದರೆ, ಕಾಯಬೇಡಿ. ಮಗುವನ್ನು ಬೈಯದೆ ತಕ್ಷಣ ನಡುವೆ ಬನ್ನಿ.

ಮಾತು ಹೇಗೆ ಶುರು ಮಾಡುವುದು? "ಯಾರದು, ಎಷ್ಟು ದಿನದಿಂದ ನಡೀತಿದೆ" ಅಂತ ಶುರು ಮಾಡಿದರೆ ವಿಚಾರಣೆ ಆಗುತ್ತದೆ. "ಅವನಲ್ಲಿ ಏನು ಇಷ್ಟ ಆಯ್ತು?" ಅಂತ ಕೇಳಿ ನೋಡಿ. ಚೆನ್ನಾಗಿ ಹಾಡ್ತಾನೆ, ಎಲ್ಲರನ್ನೂ ನಗಿಸ್ತಾನೆ, ಹೀಗೆ ಏನಾದರೂ ಬರುತ್ತದೆ. ಮಧ್ಯೆ ಬಾಯಿ ಹಾಕಬೇಡಿ.

ಫೋನ್ ಕಿತ್ಕೊಳ್ಳುವುದು ಬೇಡ. ರಾತ್ರಿ ಮಲಗುವಾಗ ಮನೆಯವರೆಲ್ಲರ ಫೋನೂ ಹಾಲ್‌ನಲ್ಲೇ ಇರಲಿ, ನಿಮ್ಮದೂ.