ನೀರಿನ ಮೇಲೆ ಹಿಮದ ಗಾಡಿ

ಹಿಮದ ಮೇಲೆ ಓಡುವ ಗಾಡಿ ಸ್ನೋಮೊಬೈಲನ್ನು ನೀರಿನ ಮೇಲೆ ಓಡಿಸುವ ವಿಡಿಯೋ ತಲೆಯಿಂದ ಹೋಗ್ತಾನೇ ಇಲ್ಲ. ಅಮೆರಿಕದ ವಿಸ್ಕಾನ್ಸಿನ್‌ನ ಗ್ರಾಂಟ್ಸ್‌ಬರ್ಗ್‌ನಲ್ಲಿ ಜುಲೈ ತಿಂಗಳ ಬೇಸಿಗೆಯಲ್ಲಿ ಇದರ ರೇಸ್. ಶುರುವಾಗಿದ್ದು 1977ರಲ್ಲಿ. ಜುಲೈನಲ್ಲಿ ನಮ್ಮ ಮಲ್ಪೆಯಲ್ಲಿ ಟ್ರಾಲಿಂಗ್ (ಬೋಟಿನಿಂದ ಬಲೆ ಎಳೆದು ಮೀನು ಹಿಡಿಯೋದು) ನಿಷೇಧ, ಬೋಟುಗಳೆಲ್ಲ ಬಂದರಲ್ಲೇ.

ಆ ಗಾಡಿ ತೇಲುವುದಲ್ಲ. ಅಡಿಯ ರಬ್ಬರ್ ಪಟ್ಟಿ ನೀರನ್ನು ರಪರಪ ಹಿಂದಕ್ಕೆ ಎರಚುತ್ತದೆ, ಮುಂದಿನ ಸ್ಕೀಗಳು, ಅಂದರೆ ಜಾರುಪಟ್ಟಿಗಳು, ಮೂತಿ ಎತ್ತಿ ಜಾರುತ್ತವೆ. ವೇಗ ಇಳಿಯಿತೋ, ಸೀದಾ ತಳಕ್ಕೆ! ಐಸ್‌ಲ್ಯಾಂಡಿನವರು ಜೀಪಿನಂಥ ಗಾಡಿಗಳನ್ನೇ ಹೀಗೆ ಓಡಿಸುತ್ತಾರೆ. ಟಯರಿಗೆ ದೋಣಿಯ ಹುಟ್ಟಿನಂಥ ದಪ್ಪ ಹಲ್ಲು.

ನೋಡೋಕೆ ಮೈ ಜುಂ ಅನ್ನುತ್ತೆ. ಆದರೆ ಹುಡುಗರೇ, ಬೀಚಲ್ಲಿ ಜೀಪನ್ನು ಅಲೆಗೆ ಇಳಿಸಬೇಡಿ, ದಯವಿಟ್ಟು. ಅಲ್ಲಿ ಅದು ಅಲೆಯಿಲ್ಲದ ನೀರು. ಇಲ್ಲಿ ಅಲೆ ವಾಪಸ್ ಹೋಗುವಾಗ ಚಕ್ರದಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತೆ. ಹೂತ ಗಾಡಿಯನ್ನು ಜೆಸಿಬಿ ಬರುವವರೆಗೆ ಹಿಡಿದುಕೊಳ್ಳೋರು ಯಾರು?